ಫಕೀರವ್ವ ಎಳೆದ ಗೆರೆ

ನಮ್ಮೂರಿನಲ್ಲಿ ಯಾರೂ ಯಾರಿಗೂ ತಮ್ಮ ಮನೆಯ ದಾರಿ ಹೇಳುವುದಿಲ್ಲ. ಹೇಳಿದರೂ ಅದು ಅವತ್ತಿನ ಮಟ್ಟಿಗೆ. ಸಂಜೆ ಇಳಿಯುವ ಮಂಜು ಬೆಳಗಾಗುವಷ್ಟರಲ್ಲಿ ಹೆಪ್ಪುಗಟ್ಟಿ, ಗಟ್ಟಿ ಮೊಸರಿನ ಹಾಗೆ, ಮನೆ ಮನೆಗಳ ನಡುವೆ ಸೂರಿನೆತ್ತರ ಕೂತಿರುತ್ತದೆ. ಕುಯ್ಲಿನವರು ಬಂದು ಅದನ್ನು ಕುಯ್ದು ದಾರಿ ಬಿಡಿಸಿದ ಮೇಲೆಯೇ ಊರು ಊರಾಗುವುದು. ನಿನ್ನೆ ಬಾವಿಯ ಬಲಕ್ಕಿದ್ದ ಬೀದಿ ಇವತ್ತು ಎಡಕ್ಕೆ ಬಂದಿರಬಹುದು. ಅದಕ್ಕೇ ನಮ್ಮ ಮನೆಗಳಿಗೆ ನಾಲ್ಕೂ ಗೋಡೆಗೆ ಬಾಗಿಲು. ಎದ್ದವರು ಯಾವ ಬಾಗಿಲ ಸಂದಿಯಲ್ಲಿ ಬೆಳಕು ಕಾಣುತ್ತದೋ ಅದನ್ನು ತೆರೆಯುತ್ತಾರೆ. ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಓಣಿಗೆ ಬಿದ್ದು ಭುಜ ತಾಗಿಸಿಕೊಂಡು ನಡೆದದ್ದುಂಟು. ಮದುವೆಯ ಕರೆಯೋಲೆಯಲ್ಲಿ ‘ದಾರಿ: ಅಂದಿನಂತೆ’ ಎಂದು ಅಚ್ಚು ಹಾಕಿಸುವುದು ನಮ್ಮಲ್ಲಿ ರೂಢಿ.

ದಾರಿ ಯಾವ ಕಡೆ ಹೋಗಬೇಕೆಂದು ತೀರ್ಮಾನಿಸುವವಳು ನನ್ನ ಅಣ್ಣನ ಹೆಂಡತಿ, ಫಕೀರವ್ವ ವೈನಿ. ಕುಯ್ಲಿನವರ ಗುಂಪಿಗೆ ಆಕೆ ಮುಂದಾಳು. ನಸುಕಿನಲ್ಲಿ ಉದ್ದನೆಯ ಕತ್ತಿ ಹಿಡಿದು ಮಂಜಿನ ಮೈಮೇಲೆ ಮೊದಲ ಗೆರೆ ಎಳೆಯುವವಳು ಅವಳು; ಉಳಿದವರು ಆ ಗೆರೆಯ ಎರಡೂ ಬದಿಗೆ ಕುಯ್ಯುತ್ತ, ಗಡ್ಡೆಗಳನ್ನು ಎತ್ತಿ ಗಾಡಿಗೆ ಹೇರುತ್ತ ಬರುತ್ತಾರೆ. ಗೆರೆಯಿಲ್ಲದ ಕಡೆ ಯಾರೂ ಕತ್ತಿ ಇಡಕೂಡದು. ಮಂಜಿಗೆ ಒಂದು ಎಳೆಯಿದೆ. ಅದನ್ನು ನೋಡದೆ ಕುಯ್ದರೆ ಗೋಡೆ ಒಂದು ಕಡೆ ವಾಲಿ, ನಡೆಯುವವರ ತಲೆಯ ಮೇಲೆ ಬೀಳುತ್ತದೆ. ಹೀಗೆ ಬಿದ್ದು ಸತ್ತವರ ಹೆಸರು ಊರಿಗೆ ನೆನಪಿರುವುದರಿಂದ ಆ ಕಟ್ಟಳೆಯನ್ನು ನಗರಸಭೆಯ ಅಧ್ಯಕ್ಷರೂ ಮೀರುವುದಿಲ್ಲ.

ನಾನು ದೂರದ ಊರೊಂದರಲ್ಲಿ ಭೌತಶಾಸ್ತ್ರ ಓದಿ ಬಂದವನು. ನಗರಸಭೆಯ ಅಳತೆ ವಿಭಾಗದಲ್ಲಿ ನನ್ನ ಕೆಲಸ. ದಿನವೂ ಮಂಜಿನ ಗಡಸುತನ, ದಪ್ಪ, ಉಷ್ಣತೆಯನ್ನು ಅಳೆದು ಚೌಕದ ಹಲಗೆಯ ಮೇಲೆ ಬರೆಯುತ್ತೇನೆ. ನಮ್ಮ ಮಂಜು ಹೀಗೇಕೆ ಹೆಪ್ಪುಗಟ್ಟುತ್ತದೆ ಎಂಬುದಕ್ಕೆ ನನ್ನ ಬಳಿ ಕೆಲವು ಊಹೆಗಳಿವೆ. ಅವು ಈ ಕಥೆಗೆ ಬೇಕಿಲ್ಲ.

ಕುಯ್ದ ಗಡ್ಡೆಗಳನ್ನು ಹುಲ್ಲಿನಲ್ಲಿ ಸುತ್ತಿ ಕೆಳಗಿನ ಬಯಲಿಗೆ ಕಳಿಸುತ್ತಿದ್ದೆವು. ಬಯಲಿನವರಿಗೆ ಅದೇ ಕುಡಿಯುವ ನೀರು. ಬದಲಿಗೆ ಅವರ ಗಾಡಿಗಳು ಕಟ್ಟಿಗೆ ಹೊತ್ತು ಮೇಲೆ ಬರುತ್ತಿದ್ದವು, ಏಕೆಂದರೆ ನಮ್ಮಲ್ಲಿ ಮರ ಬೆಳೆಯುವುದಿಲ್ಲ. ಹೀಗಿರುವಾಗ ಬಯಲಿನವರು ಕಾಲುವೆ ತೋಡಿಕೊಂಡರು. ಗಾಡಿಗಳು ಕಡಿಮೆಯಾದವು. ಪೇಟೆಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಬೀದಿದೀಪಗಳು ಆರಿದವು, ಮನೆಗಳಲ್ಲಿ ಒಲೆ ಉರಿಯುವುದು ಅಂಬಲಿ ಕುದಿಯುವಷ್ಟು ಹೊತ್ತು ಮಾತ್ರ ಎಂದಾಯಿತು. ಅಧ್ಯಕ್ಷ ರುದ್ರಗೌಡರು ತಮ್ಮ ಸಾರೋಟು ಮಾರಿ ನಡೆದೇ ಕಚೇರಿಗೆ ಬರತೊಡಗಿದರು. ಇದನ್ನು ನಾನು ಹೇಳಲೇಬೇಕು. ಆಮೇಲೆ ಈ ಕಥೆ ಹೇಳಿದವರೆಲ್ಲ ಗೌಡರನ್ನು ರಾಕ್ಷಸನನ್ನಾಗಿ ಮಾಡಿದ್ದಾರೆ. ಅವರು ರಾಕ್ಷಸರಲ್ಲ. ಇದ್ದ ಕಟ್ಟಿಗೆಯನ್ನು ಎಲ್ಲಿಗೆ ಎಷ್ಟು ಎಂದು ಹಂಚಲಾರದೆ ನಿದ್ದೆಗೆಟ್ಟಿದ್ದ ಮನುಷ್ಯ, ಅಷ್ಟೆ.

ಹಾಗೆ ಹಂಚುತ್ತ ಹಂಚುತ್ತ ಅವರ ಕೈ ಬಿಸಿಮನೆಗೆ ಬಂತು.

ಬಿಸಿಮನೆ ಊರಿನ ಕೊನೆಯಲ್ಲಿ, ಗೋರಿಗಳ ಆಚೆ ಇರುವ ಉದ್ದನೆಯ ಕಟ್ಟಡ. ಅದರ ಕಲ್ಲುಹಾಸಿನ ಕೆಳಗೆ ಬೆಂಕಿ ಹಾಯುವ ಕಿಂಡಿಗಳಿವೆ. ಮಂಜು ಕುಯ್ಯುವವರ ಬೆರಳುಗಳಿಗೆ ವರ್ಷಗಳು ಕಳೆದಂತೆ ಹೆಪ್ಪು ಇಳಿಯುತ್ತದೆ. ಕತ್ತಿ ಹಿಡಿದ ಭಂಗಿಯಲ್ಲೇ ಮುಷ್ಟಿ ಬಿಗಿದುಕೊಳ್ಳುತ್ತದೆ. ದಿನವೂ ಆ ಕಲ್ಲುಗಳ ಮೇಲೆ ಕೈಯಿಟ್ಟು ಕೂತರೆ ಅದು ತೆರೆಯುತ್ತದೆ, ಸಂಜೆಯವರೆಗೆ ತೆರೆದಿರುತ್ತದೆ. ಹಿಂದೊಮ್ಮೆ ಕಿಂಡಿ ಕುಸಿದು ಕೆಲವು ದಿನ ಬಿಸಿಮನೆ ಮುಚ್ಚಿದಾಗ ಹಳೆಯ ಕುಯ್ಲಿನವಳಾದ ಗೌರವ್ವಜ್ಜಿಯ ಎರಡೂ ಕೈ ಮುಚ್ಚಿದವು, ಮತ್ತೆ ತೆರೆಯಲೇ ಇಲ್ಲ. ಹೊಸಬರು ಕುಯ್ಲಿಗೆ ಸೇರುವ ದಿನ ನಗರಸಭೆಯ ಅಧ್ಯಕ್ಷರು ಬಿಸಿಮನೆಯ ಒಂದು ಕಾದ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಅವರ ಅಂಗೈಗೆ ಇಡುತ್ತಾರೆ. ‘ನಿನ್ನ ಕೈ ಮುಚ್ಚಿದ ದಿನ ಊರು ಅದನ್ನು ತೆರೆಯುತ್ತದೆ’ ಎಂದು ಅದರ ಅರ್ಥ. ಬಯಲಿನ ಕೂಲಿಗಿಂತ ಕಡಿಮೆ ಸಂಬಳಕ್ಕೆ ನಮ್ಮವರು ಮಂಜು ಕುಯ್ಯಲು ಒಪ್ಪುವುದು ಆ ಕಲ್ಲಿನ ಮೇಲಿನ ನಂಬಿಕೆಯಿಂದ.

ನನ್ನ ಅಣ್ಣ ಸಂಗಣ್ಣ ಹತ್ತಾಳಿನ ಕೆಲಸ ಒಬ್ಬನೇ ಮಾಡುತ್ತಿದ್ದವನು. ಈಗ ಬೆಳಗ್ಗೆ ಎದ್ದರೆ ಅವನ ಎರಡೂ ಮುಷ್ಟಿ ಕಲ್ಲು. ಕುಯ್ಲು ಮುಗಿಸಿ ಬಂದ ವೈನಿ ಅವನನ್ನು ಬಿಸಿಮನೆಗೆ ಕರೆದೊಯ್ಯುತ್ತಾಳೆ. ಅಲ್ಲಿ ಕೂತ ಸ್ವಲ್ಪ ಹೊತ್ತಿಗೆ ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ್ದು, ಹೀಗೆ ಒಂದೊಂದೇ ಬಿಚ್ಚಿ, ಕೊನೆಗೆ ಹೆಬ್ಬೆರಳು ಬಿಡುತ್ತದೆ. ಅಲ್ಲಿಯವರೆಗೆ ಅವನು ಏನೂ ತಿನ್ನುವುದಿಲ್ಲ. ತನ್ನ ಕೈಯಿಂದಲೇ ರೊಟ್ಟಿ ಮುರಿದು ತಿನ್ನಬೇಕು ಎಂಬುದು ಅವನ ಹಟ. ಒಮ್ಮೆ ವೈನಿ ಕನಿಕರದಿಂದ ತುತ್ತು ಮಾಡಿ ಬಾಯಿಗಿಡಲು ಹೋದಳು. “ಇಟ್ಟು ನೋಡು, ಬೆರಳ ಸಮೇತ ಕಚ್ತೀನಿ,” ಎಂದ. ಅವಳು ನಕ್ಕಳು. ಆದರೆ ಆಮೇಲೆ ಪಾತ್ರೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಅವಳ ಕೈಗಳೂ ಬೆಳಗಿನ ಹೊತ್ತು ಬಿಗಿಯಾಗತೊಡಗಿದ್ದವು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕೊಡ ಎತ್ತುವಾಗ ನಾನೇ ಕಂಡಿದ್ದೆ.

ಬರುವ ಅಮಾವಾಸ್ಯೆಯಿಂದ ಬಿಸಿಮನೆ ಮುಚ್ಚುತ್ತದೆ, ಅದರ ಕಟ್ಟಿಗೆ ಶಾಲೆಗೂ ಆಸ್ಪತ್ರೆಗೂ ಹೋಗುತ್ತದೆ ಎಂದು ಬಾವಿಕಟ್ಟೆಯಲ್ಲಿ ಡಂಗುರ ಸಾರಿದರು. ಅವತ್ತು ಮಧ್ಯಾಹ್ನ ಕುಯ್ಲಿನವರು ಸಾಣೆಕಲ್ಲಿನ ಬಳಿ ಸೇರಿದರು. ನಾನೂ ಹೋಗಿದ್ದೆ. ನಗರಸಭೆಯ ನೌಕರ ಎಂದು ಕೆಲವರು ಮುಖ ಗಂಟಿಕ್ಕಿದರೂ ಫಕೀರವ್ವನ ಮೈದುನ ಎಂದು ಸುಮ್ಮನಾದರು.

ಮಾತು ಶುರುವಾದದ್ದೇ ತಡ, ಗುಂಪು ಎರಡಾಯಿತು. ದಾವಲಬಿ ಎಂಬ ಹುಡುಗಿ ಕುಯ್ಲಿಗೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ನಾಳೆಯಿಂದಲೇ ಕತ್ತಿ ಕೆಳಗಿಡೋಣ, ಮಂಜು ಕಿಟಕಿಯವರೆಗೆ ಬರಲಿ, ಆಗ ಗೌಡರು ತಾವಾಗಿಯೇ ಕೈಮುಗಿದುಕೊಂಡು ಬರುತ್ತಾರೆ ಎಂದಳು. ಹಿರಿಯ ಕಾಳಿಂಗಪ್ಪ ತಲೆಯಾಡಿಸಿದ. ಊರಿಗೆ ಊರೇ ಅರೆಹೊಟ್ಟೆಯಲ್ಲಿರುವಾಗ ನಾವು ಮುಷ್ಕರ ಹೂಡಿದರೆ ನಮ್ಮ ಮಕ್ಕಳೇ ನಮ್ಮ ಮುಖ ನೋಡಲಾರವು, ಶಾಲೆಯ ಕೂಸುಗಳ ಕಟ್ಟಿಗೆಗೆ ಜಗಳ ತೆಗೆದವರು ಎಂದು ಹೆಸರು ಬರುತ್ತದೆ ಎಂದ. ನಿನ್ನ ಕೈ ಇನ್ನೂ ಆಡುತ್ತದೆ ಮಾಮಾ, ಅದಕ್ಕೇ ನಿನ್ನ ಬಾಯಿ ಇಷ್ಟು ಚೆನ್ನಾಗಿ ಆಡುತ್ತದೆ ಎಂದು ದಾವಲಬಿ ಚುಚ್ಚಿದಳು. ಕಾಳಿಂಗಪ್ಪ ಸಿಟ್ಟಾಗಲಿಲ್ಲ. ತನ್ನ ಬಲಗೈಯನ್ನು ಎತ್ತಿ ತೋರಿಸಿದ. ಎರಡು ಬೆರಳು ಆಗಲೇ ಮಡಚಿಕೊಂಡಿದ್ದವು. ದಾವಲಬಿ ತಲೆ ತಗ್ಗಿಸಿದಳು.

ವೈನಿ ನನ್ನತ್ತ ತಿರುಗಿ, ಕೆಲಸ ನಿಲ್ಲಿಸಿದರೆ ಏನಾಗುತ್ತದೆ, ನೀನು ಓದಿದವನು, ಇದ್ದದ್ದು ಇದ್ದ ಹಾಗೆ ಹೇಳು ಎಂದಳು. ನಾನು ಹೇಳಿದೆ. ಕುಯ್ಯದ ಮಂಜಿನ ಮೇಲೆ ಹೊಸ ಮಂಜು ಕೂತರೆ ಗಡಸುತನ ಹೆಚ್ಚುತ್ತ ಹೋಗುತ್ತದೆ. ಸೂಲಗಿತ್ತಿ ಬಾಣಂತಿಯ ಮನೆ ಮುಟ್ಟಲಾರಳು. ಮಂಜನ್ನು ಕೊಳ್ಳುವವರೇ ಇಲ್ಲದಿರುವಾಗ ಕೆಲಸ ನಿಂತರೆ ನಗರಸಭೆಗೆ ಕೂಲಿ ಉಳಿಯುತ್ತದೆಯೇ ಹೊರತು ನಷ್ಟವಿಲ್ಲ. ಬಯಲಿನಲ್ಲಿ ಕೆಲಸವಿಲ್ಲದವರು ಬಹಳ ಮಂದಿಯಿದ್ದಾರೆ, ಕರೆದರೆ ಕತ್ತಿ ಹಿಡಿದು ಬರುತ್ತಾರೆ. ಎಳೆ ನೋಡಲು ಬಾರದ ಅವರು ಕುಯ್ದ ಗೋಡೆ ಯಾರ ಮೇಲೋ ಬಿದ್ದಾಗ ತಪ್ಪು ಗೊತ್ತಾಗುತ್ತದೆ, ಆದರೆ ಆ ಯಾರೋ ನಮ್ಮವರೇ ಆಗಿರುತ್ತಾರೆ. ಇಷ್ಟು ಹೇಳಿ, ಹಾಗೆಂದು ಸುಮ್ಮನಿದ್ದರೆ ಅಮಾವಾಸ್ಯೆಯ ಮೇಲೆ ಸಂಗಣ್ಣನ ಕೈ ಗೌರವ್ವಜ್ಜಿಯ ಕೈ ಆಗುತ್ತದೆ ಎಂದೂ ಸೇರಿಸಿದೆ. ಎರಡು ಕಡೆಯ ತೂಕವೂ ಸರಿಯಾಗಿ ಹೇಳಿದ್ದಕ್ಕೆ ಎರಡು ಕಡೆಯವರೂ ನನ್ನ ಮೇಲೆ ಸಿಟ್ಟಾದರು.

ಮರುದಿನ ವೈನಿ ಗೌಡರನ್ನು ಕಾಣಲು ಹೊರಟಳು. ಜೊತೆಗೆ ನಾನು. ನಗರಸಭೆಯ ಸಭಾಂಗಣದಲ್ಲಿ, ಕೋಣೆ ಕೋಣೆಗಳಲ್ಲಿ, ಒಂದೊಂದು ಅಗ್ಗಿಷ್ಟಿಕೆ ಸಣ್ಣಗೆ ಉರಿಯುತ್ತಿತ್ತು. ಗೌಡರು ಕುರ್ಚಿ ಕೊಡಿಸಿದರು, ಅಣ್ಣನ ಆರೋಗ್ಯ ಕೇಳಿದರು. ಊರಿನ ಕಷ್ಟವನ್ನೆಲ್ಲ ಹೇಳಿಕೊಂಡರು. ಸುಳ್ಳು ಒಂದೂ ಇರಲಿಲ್ಲ. ಕೊನೆಗೆ, “ಫಕೀರವ್ವಾ, ಕಾಲ ಭಾಳ ಕೆಟ್ಟೈತಿ. ಇಂಥಾದ್ರಾಗ ನೀವು ಹಟಕ್ಕ ಬಿದ್ರ ಊರು ಉಳಿತೈತೇನು?” ಎಂದರು.

“ಒಳ್ಳೆ ಕಾಲದಾಗ ಕೇಳಿದ್ರ, ನಡದಿದ್ದು ಕೆಡಸಬ್ಯಾಡ್ರಿ ಅಂತೀರಿ,” ಎಂದಳು ವೈನಿ. “ಕೆಟ್ಟ ಕಾಲದಾಗ ಕೇಳಿದ್ರ, ಕಾಲ ಕೆಟ್ಟೈತಿ ಅಂತೀರಿ. ನಾವು ಕೇಳೂ ಕಾಲ ಯಾವುದ್ರಿ, ಅದನ್ನರ ಹೇಳ್ರಿ.”

ಗೌಡರು ಮುಂದಿದ್ದ ಕಡತವನ್ನು ಪಕ್ಕಕ್ಕೆ ಸರಿಸಿದರು. ಅವಳೇ ಮುಂದುವರಿಸಿದಳು: “ಬಿಸಿಮನಿ ನೀವು ಮಾಡೂ ದಾನ ಅಲ್ರಿ. ನಮ್ಮ ಪಗಾರದಾಗಿಂದ ನಾವ ತೆಗೆದಿಟ್ಟಿದ್ದು. ಕಲ್ಲು ಕೈಯಾಗ ಇಟ್ಟಾವರು ನೀವು.”

“ಇಟ್ಟೀನಿ, ಇಲ್ಲ ಅನ್ನಂಗಿಲ್ಲ. ಕಟ್ಟಿಗಿ ಎಲ್ಲೈತಿ ತೋರಸು, ಇವತ್ತ ಉರಸ್ತೀನಿ,” ಎಂದರು ಗೌಡರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ದಣಿವಿತ್ತು.

ವೈನಿ ಎದ್ದು ನಿಂತು, ಒಂದು ಮಾತು ಕೇಳುತ್ತೇನೆ, ನೀವು ಬಿಸಿಮನೆಯ ಒಳಗೆ ಯಾವಾಗಲಾದರೂ ಬಂದಿದ್ದೀರಾ ಎಂದಳು. ಗೌಡರು ನೆನಪಿಸಿಕೊಳ್ಳಲು ನೋಡಿದರು. ಕಲ್ಲು ತರಲು ಜವಾನನನ್ನು ಕಳಿಸುತ್ತೇನೆ, ಅಷ್ಟು ದೂರ ಯಾರು ಹೋಗುತ್ತಾರೆ, ಮುದುಕರು ಕೂತು ಹರಟೆ ಹೊಡೆಯುವ ಜಾಗವಲ್ಲವೇ ಎಂದರು. ಅಲ್ಲಿದ್ದ ಗುಮಾಸ್ತರನ್ನು ಕೇಳಿದಳು. ಅವರೂ ಬಂದಿರಲಿಲ್ಲ. ಹೊರಗೆ ಬಂದ ಮೇಲೆ ದಾರಿಯಲ್ಲಿ ಸಿಕ್ಕ ಮೇಷ್ಟ್ರಮ್ಮ ಕಮಲಾಕ್ಷಿಬಾಯಿಯನ್ನು ಕೇಳಿದಳು. ಅವರೂ ಇಲ್ಲ. ಅಕ್ಕಸಾಲಿಗ, ದರ್ಜಿ, ಹಿಟ್ಟಿನ ಗಿರಣಿಯವ, ಯಾರೂ ಇಲ್ಲ. ನನಗೆ ಅದು ಹೊಸ ಸಂಗತಿಯೇನಲ್ಲ. ಗೋರಿಗಳ ಆಚೆಗೆ ಕುಯ್ಲಿನವರು ತಮ್ಮ ಪಾಡಿಗೆ ಒಂದು ಸಣ್ಣ ಓಣಿ ಕುಯ್ದುಕೊಳ್ಳುತ್ತಿದ್ದರು, ಬೇರೆ ಯಾರ ದಾರಿಯೂ ಆ ಕಡೆ ಹೋಗುತ್ತಿರಲಿಲ್ಲ. ವೈನಿ ಮಾತ್ರ ಬಾವಿಕಟ್ಟೆಯ ಬಳಿ ನಿಂತುಬಿಟ್ಟಳು. ಊರಿನ ಮನೆಗಳನ್ನು ಒಂದು ಕಡೆಯಿಂದ ನೋಡುತ್ತ ಬಂದಳು. ಹೊಸ ಸೀರೆ ಬಿಡಿಸಿ ನೋಡುವವಳ ಮುಖ ಹೇಗಿರುತ್ತದೋ ಹಾಗಿತ್ತು ಅವಳ ಮುಖ.

ಆ ಸಂಜೆ ಸಾಣೆಕಲ್ಲಿನ ಬಳಿ ಅವಳು ಹೇಳಿದ್ದು ಒಂದೇ ಮಾತು: ನಾಳೆ ಯಾರೂ ಕತ್ತಿ ಕೆಳಗಿಡಬಾರದು, ಎಲ್ಲರೂ ಬರಬೇಕು, ಗೆರೆ ಹೋದಲ್ಲಿ ಕುಯ್ಯಬೇಕು. ದಾವಲಬಿಗೆ ಅಳುವೇ ಬಂತು. “ಅಂಜಿದ್ಯಾ, ವೈನಿ?” ಎಂದಳು. ವೈನಿ ಅವಳ ತಲೆಗೆ ಮೆಲ್ಲಗೆ ಮೊಟಕಿ, “ಕತ್ತಿ ಚಂದ ಸಾಣಿ ಹಿಡಿ ಹೋಗು,” ಎಂದಳು.

ಬೆಳಗ್ಗೆ ನಾನು ಅಳತೆಗೋಲು ಹಿಡಿದು ಹೊರಟೆ. ಉತ್ತರದ ಬಾಗಿಲಿಗೆ ಬೆಳಕಿತ್ತು. ಓಣಿ ಚೆನ್ನಾಗಿ ಕುಯ್ದಿತ್ತು, ಗೋಡೆಗಳು ನಯವಾಗಿದ್ದವು. ಚೌಕ ಬರಬೇಕಾದಲ್ಲಿ ಓಣಿ ತಿರುಗಿತು. ಅಲ್ಲಿ ಪಕ್ಕದ ಕೇರಿಯ ಓಣಿ ಬಂದು ಕೂಡಿಕೊಂಡಿತು. ಕೊಡ ಹಿಡಿದ ಹೆಂಗಸರು, ಹಾಲಿನವನು, ಚೀಲ ನೇತುಹಾಕಿಕೊಂಡ ಮಕ್ಕಳು ಸೇರಿಕೊಂಡರು. ಮತ್ತೊಂದು ಕೇರಿ, ಮತ್ತೊಂದು. ಇವತ್ತು ಫಕೀರವ್ವನಿಗೆ ನಿದ್ದೆಗಣ್ಣು ಎಂದು ಯಾರೋ ನಕ್ಕರು. ಗೋರಿಗಳು ಕಂಡಾಗ ನಗು ನಿಂತಿತು. ಓಣಿ ನೇರವಾಗಿ ಬಿಸಿಮನೆಯ ಮುಂಬಾಗಿಲಿಗೆ ಹೋಗಿ ಮುಗಿದಿತ್ತು. ಆಚೆ ಈಚೆ ಸೂರಿನೆತ್ತರ ಮಂಜು.

ಬಾಗಿಲಲ್ಲಿ ವೈನಿ ನಿಂತಿದ್ದಳು. ಪೇಟೆಗೂ ಶಾಲೆಗೂ ಆಸ್ಪತ್ರೆಗೂ ನಗರಸಭೆಗೂ ದಾರಿ ಇದೆ, ಹಿಂಬಾಗಿಲಿನಿಂದ ಹೋಗಬೇಕು ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಪ್ರತಿ ಮನೆಯ ಬಾಗಿಲಿಗೂ ದಾರಿ ಮುಟ್ಟಬೇಕು ಎಂಬುದು ಊರಿನ ಕಟ್ಟಳೆ, ಅದು ಮುಟ್ಟಿತ್ತು. ಯಾವ ಕಡೆಯಿಂದ ಮುಟ್ಟಬೇಕು ಎಂಬುದು ಎಂದಿನಿಂದಲೂ ಗೆರೆ ಎಳೆಯುವವಳಿಗೆ ಬಿಟ್ಟದ್ದು. ಸೂಲಗಿತ್ತಿಯ ಮನೆಯಿಂದ ಕೇರಿಗಳಿಗೂ ಆಸ್ಪತ್ರೆಗೂ ಮಾತ್ರ ಒಂದು ನೇರವಾದ ಓಣಿ ಬೇರೆಯಾಗಿ ಕುಯ್ದಿತ್ತು. ಕಾಯಿಲೆಯವರನ್ನಷ್ಟೇ ಅದರಲ್ಲಿ ಬಿಡಲು ಕಾಳಿಂಗಪ್ಪ ನಿಂತಿದ್ದ.

ಹಿಂಬಾಗಿಲು ಕಿರಿದು, ಒಬ್ಬೊಬ್ಬರೇ ದಾಟಬೇಕು. ಹೀಗಾಗಿ ಊರಿಗೆ ಊರೇ ಒಳಗೆ ಬಂದು ತನ್ನ ಸರದಿಗೆ ಕಾಯಬೇಕಾಯಿತು. ನಿಂತವರ ಅಂಗಾಲಿಗೆ ಕಲ್ಲುಹಾಸಿನ ಬಿಸಿ ಹತ್ತಿತು. ಆ ಚಳಿಗಾಲದಲ್ಲಿ ಅಂಥ ಬಿಸಿ ಕಂಡವರು ಯಾರಿದ್ದರು? ಮಕ್ಕಳು ಕೂತೇಬಿಟ್ಟವು. ಅವುಗಳ ಪಕ್ಕದಲ್ಲಿ, ಗೋಡೆಯುದ್ದಕ್ಕೂ, ಮುಷ್ಟಿ ಊರಿಕೊಂಡು ಹಳೆಯ ಕುಯ್ಲಿನವರು ಕೂತಿದ್ದರು. ಅವರ ಕೈಗಳನ್ನು ಮೊದಲ ಬಾರಿಗೆ ಹತ್ತಿರದಿಂದ ನೋಡಿದ ಜನ ಮಾತು ತಗ್ಗಿಸಿದರು. ಹಾಲಿನವನು ಮಾತ್ರ, ತನ್ನ ಹಾಲು ಒಡೆದರೆ ಯಾರು ಹೊಣೆ ಎಂದು ಕೂಗಾಡಿದ. ಬಿಸಿಗೆ ಒಡೆಯುತ್ತದೆ ಅಂತಿದ್ದರೆ ಇಲ್ಲೇ ಕುಡಿದುಬಿಡೋಣ ಬಾ ಎಂದು ಒಬ್ಬ ಮುದುಕ ಕರೆದ.

ಅವತ್ತೇ ಒಂದು ಮದುವೆಯಿತ್ತು. ಡೊಳ್ಳು ಬಾರಿಸಿಕೊಂಡು ಗಂಡಿನ ದಿಬ್ಬಣ ಬಂತು. ಕುದುರೆ ಒಳಗೆ ಹೋಗಲೊಲ್ಲದು. ಮದುಮಗ ಬಾಸಿಂಗ ಹಿಡಿದುಕೊಂಡು ಇಳಿದು ಒಳಗೆ ಬಂದ. ಅವನ ಬೆರಳು ಚಳಿಗೆ ಸೆಟೆದಿದ್ದವು. ನನ್ನ ಅಣ್ಣ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, “ಕೈ ಇಲ್ಲಿ ಇಡಪಾ. ತಾಳಿ ಕಟ್ಟೂ ಮುಂದ ಬೆರಳು ನಡುಗಿದ್ರ ಹುಡುಗಿ ನೀ ಅಂಜಿದಿ ಅಂತ ತಿಳಕೊಂತಾಳ,” ಎಂದ. ಬಿಸಿಮನೆಗೆ ಬಿಸಿಮನೆಯೇ ನಕ್ಕಿತು. ಆ ನಗೆಯ ನಡುವೆ ಗೌಡರು ಬಂದರು.

ಅವರು ಬರುವ ಮುಂಚೆ, ಕಚೇರಿಗೆ ನೇರವಾಗಿ ಒಂದು ಓಣಿ ಕುಯ್ಯಲು ಕಾಳಿಂಗಪ್ಪನಿಗೆ ಹೇಳಿ ಕಳಿಸಿದ್ದರಂತೆ. ಮುಷ್ಕರ ಬೇಡವೆಂದ ಹಿರಿಯ ಅವನೇ ಅಲ್ಲವೇ, ತಮ್ಮ ಮಾತು ಕೇಳುತ್ತಾನೆಂದು. “ಗೆರಿ ಇಲ್ಲದ ಕಡೆ ಕತ್ತಿ ಇಡಾಂಗಿಲ್ರೀ,” ಎಂದು ಅವನು ತಿರುಗಿ ಹೇಳಿ ಕಳಿಸಿದ್ದ. ಹಾಗಾಗಿ ಅಧ್ಯಕ್ಷರು ಎಲ್ಲರ ಹಾಗೆ, ಎಲ್ಲರ ಹಿಂದೆ, ಸರದಿಯಲ್ಲಿ ನಿಂತಿದ್ದರು. ಮುಖ ಕೆಂಪಾಗಿತ್ತು. ವೈನಿಯನ್ನು ಕಂಡು ಏನೋ ಹೇಳಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಅವರ ಕಾಲ ಬಳಿಯೇ ಕೂತಿದ್ದ ಅಣ್ಣನ ಕಿರುಬೆರಳು ಅಲುಗಿತು. ಗೌಡರ ಕಣ್ಣು ಅಲ್ಲೇ ನಿಂತಿತು. ಎರಡನೆಯ ಬೆರಳು ಬಿಚ್ಚಿತು, ಮೂರನೆಯದು. ಹೆಬ್ಬೆರಳು ಬಿಡುವಾಗ ನೋವಾಗುತ್ತದೆ. ಅಣ್ಣ ಹಲ್ಲು ಕಚ್ಚಿಕೊಂಡ. ಆಮೇಲೆ ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ತೆಗೆದು, ಮುರಿದು, ಒಂದು ಚೂರು ಬಾಯಿಗಿಟ್ಟುಕೊಂಡು, ಇನ್ನೊಂದು ಚೂರು ಗೌಡರತ್ತ ಚಾಚಿದ.

“ಕುಂದರ್ರಿ, ಗೌಡ್ರ. ನಿಮ್ಮ ಸರದಿ ಇನ್ನೂ ದೂರ ಐತಿ.”

ಗೌಡರು ಕೂತರು. ರೊಟ್ಟಿ ತಿಂದರು. ಅವರು ಏನು ಯೋಚಿಸಿದರೋ ನಾನು ಹೇಳಲಾರೆ. ಸರದಿ ಬಂದಾಗಲೂ ಅವರು ಏಳಲಿಲ್ಲ, ಅಷ್ಟನ್ನು ನಾನು ಕಣ್ಣಾರೆ ಕಂಡೆ.

ಮರುದಿನವೂ ಗೆರೆ ಅಲ್ಲಿಗೇ ಹೋಯಿತು. ಅದರ ಮರುದಿನವೂ. ಬೈದವರು ಇರಲಿಲ್ಲವೆಂದಲ್ಲ. ಅಕ್ಕಸಾಲಿಗ ದಿನವೂ ಬೈದುಕೊಂಡೇ ಬಂದ, ಬೈದುಕೊಂಡೇ ಕೂತ, ಆಮೇಲೆ ತನ್ನ ಸಣ್ಣ ಸುತ್ತಿಗೆಯನ್ನೂ ತಂದುಕೊಂಡ. ದರ್ಜಿ ಬಟ್ಟೆ ತಂದ. ಹೆಂಗಸರು ಹಿಟ್ಟು ಕಲಸಿಕೊಂಡು ಬಂದು ಕಾದ ಕಲ್ಲಿನ ಮೇಲೆಯೇ ರೊಟ್ಟಿ ಹಾಕಿದರು. ಕಮಲಾಕ್ಷಿಬಾಯಿ ಮಕ್ಕಳನ್ನು ಹಿಂಬಾಗಿಲಿನಿಂದ ಶಾಲೆಗೆ ಕರೆದೊಯ್ಯುವುದನ್ನು ಬಿಟ್ಟರು. ಶಾಲೆಯಲ್ಲಿ ಮಕ್ಕಳ ಬೆರಳು ಬಳಪ ಹಿಡಿಯುವುದಿಲ್ಲ, ಇಲ್ಲಿ ಹಿಡಿಯುತ್ತವೆ ಎಂದರು. ಮಗ್ಗಿಯ ಗದ್ದಲದಲ್ಲಿ ಗುಮಾಸ್ತರು ಕಡತ ಹರಡಿಕೊಂಡರು. ನಾನು ಉಷ್ಣಮಾಪಕ ತಂದು ಅಳೆದೆ: ಅಷ್ಟು ಜನರ ಮೈಶಾಖಕ್ಕೆ ಮನೆಯ ಬಿಸಿ ಏರಿತ್ತು, ಎಂದಿನಷ್ಟು ಕಟ್ಟಿಗೆಯೂ ಬೇಕಿರಲಿಲ್ಲ. ಈ ಲೆಕ್ಕವನ್ನು ಯಾರಾದರೂ ಮೊದಲೇ ಹಾಕಬಹುದಿತ್ತು. ಯಾರೂ ಹಾಕಿರಲಿಲ್ಲ, ನಾನೂ ಹಾಕಿರಲಿಲ್ಲ. ಎಲ್ಲರೂ ಇದ್ದ ಕಟ್ಟಿಗೆಯನ್ನು ಎಷ್ಟು ಚೂರಾಗಿ ಒಡೆಯಬೇಕೆಂದು ಯೋಚಿಸುತ್ತಿದ್ದರೇ ಹೊರತು ಜನ ಒಟ್ಟಿಗೆ ಕೂತರೆ ಎಷ್ಟು ಸಾಕು ಎಂದಲ್ಲ.

ಕೊನೆಗೆ ನಗರಸಭೆಯ ಸಭೆಯೂ ಅಲ್ಲೇ ಸೇರಿತು. ಸಭಾಂಗಣಕ್ಕೆ ಹೋಗಲು ದಾರಿಯಿತ್ತು, ಆದರೆ ಅಲ್ಲಿ ಬೆಂಕಿ ಹಾಕಿರಲಿಲ್ಲ. ಸದಸ್ಯರೊಬ್ಬರು ಎದ್ದು, ಇದು ಬಲವಂತ, ಊರನ್ನು ಒತ್ತೆಯಿಟ್ಟುಕೊಂಡು ಕೇಳುವುದು ನ್ಯಾಯವಲ್ಲ, ಇವತ್ತು ಇವರಿಗೆ ಮಣಿದರೆ ನಾಳೆ ಹಾಲಿನವರು ಬರುತ್ತಾರೆ ಎಂದರು. ತಾನು ಬರುವುದಿಲ್ಲ ಎಂದು ಹಾಲಿನವನು ಮೂಲೆಯಿಂದ ಭರವಸೆ ಕೊಟ್ಟ. ಇನ್ನೊಬ್ಬರು, ಕಾಲ ಸುಧಾರಿಸುವವರೆಗೆ ಬಿಸಿಮನೆಯನ್ನು ಹೀಗೇ ನಡೆಸೋಣ, ಆಮೇಲೆ ನೋಡೋಣ ಎಂದರು. ಅದು ಒಳ್ಳೆಯ ಮಾತಿನ ಹಾಗೆ ಕೇಳಿಸಿತು. ಕುಯ್ಲಿನವರಲ್ಲೂ ಕೆಲವರು ತಲೆದೂಗಿದರು. ಅಷ್ಟಾದರೂ ಸಿಕ್ಕಿತಲ್ಲ ಎಂದು.

ವೈನಿ ತಲೆದೂಗಲಿಲ್ಲ. “ಆಮ್ಯಾಲ ನೋಡೂದು ಬ್ಯಾಡ್ರಿ,” ಎಂದಳು. “ನೀವು ನೋಡೂತನಕ ನಮ್ಮ ಕೈ ಕಾಯಂಗಿಲ್ಲ. ಕಾಲ ಒಳ್ಳೇದಿರಲಿ, ಕೆಟ್ಟದಿರಲಿ, ಊರಾಗ ಒಂದ ಒಂದು ಬೆಂಕಿ ಉರದ್ರೂ ಅದು ಇಲ್ಲೇ ಉರೀಬೇಕು. ಇದು ಪಗಾರ ಅಂತ ಬರೀರಿ. ಹಂಗ ಬರದ್ರ ನಾಳೆ ಗೆರಿ ಮೊದಲಿನಂಗ. ಇಲ್ಲಾಂದ್ರ ನಿಮ್ಮ ದಾರಿ ಇಲ್ಲೇ ಬರ್ತೈತಿ, ದಿನಾ.”

ಸದಸ್ಯರು ಗೌಡರನ್ನು ನೋಡಿದರು. ಗೌಡರು ಎದ್ದು ನಿಂತರು. ತಾನು ಅವಳಿಗೆ ಕಟ್ಟಿಗೆ ತೋರಿಸು ಎಂದಿದ್ದೆ, ಅವಳು ತೋರಿಸಿದ್ದಾಳೆ, ಅದು ಇಷ್ಟು ದಿನ ತನ್ನ ಕೋಣೆಯ ಅಗ್ಗಿಷ್ಟಿಕೆಯಲ್ಲೇ ಉರಿಯುತ್ತಿತ್ತು ಎಂದರು. ಸಭಾಂಗಣದಲ್ಲಿ ಇನ್ನು ಬೆಂಕಿ ಹಾಕದೆ, ಚಳಿ ಕಳೆಯುವವರೆಗೆ ಕಚೇರಿಯನ್ನೂ ಶಾಲೆಯನ್ನೂ ಇಲ್ಲೇ ನಡೆಸುವುದು, ಆಸ್ಪತ್ರೆಗೆ ಉಳಿದ ಕಟ್ಟಿಗೆ ಕೊಡುವುದು, ಬಿಸಿಮನೆಯನ್ನು ಸಂಬಳದ ಭಾಗವೆಂದು ಬರೆದು, ಯಾವ ಕಾಲದಲ್ಲೂ ಯಾವ ಅಧ್ಯಕ್ಷನೂ ಮುಟ್ಟದ ಹಾಗೆ ಮಾಡುವುದು. ಒಪ್ಪುವವರು ಕೈ ಎತ್ತಬೇಕು ಎಂದು, ತಾವೇ ಮೊದಲು ಎತ್ತಿದರು.

ಸದಸ್ಯರ ಕೈಗಳು ಒಂದೊಂದಾಗಿ ಮೇಲೆ ಬಂದವು. ಕೆಲವು ಬೇಗ, ಕೆಲವು ನಿಧಾನ, ಒಂದು ಬರಲೇ ಇಲ್ಲ. ಗುಮಾಸ್ತ ಲೆಕ್ಕ ಹಾಕುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿದ. ಗೋಡೆಯ ಬದಿಯಿಂದ ಮುದುಕರು ಕೈ ಎತ್ತಿದ್ದರು. ಅವರಿಗೆ ಮತವಿಲ್ಲ, ಅದು ಅವರಿಗೂ ಗೊತ್ತು. ಸಾಲಿಗೆ ಸಾಲು, ಬೆರಳು ಅಗಲಿಸಿ, ಅಂಗೈ ತೋರಿಸಿ ಎತ್ತಿದ ಕೈಗಳು. ಅವುಗಳಲ್ಲಿ ಅಣ್ಣನವು ಎರಡು. ಮಕ್ಕಳು ಕಂಡು ತಾವೂ ಎತ್ತಿದವು. ದರ್ಜಿ ಎತ್ತಿದ. ಬೈಯುತ್ತಲೇ ಅಕ್ಕಸಾಲಿಗ ಎತ್ತಿದ. ಗೌರವ್ವಜ್ಜಿ ತನ್ನ ಮುಚ್ಚಿದ ಮುಷ್ಟಿಗಳನ್ನೇ ಎತ್ತಿದಳು. ಆಗ ದಾವಲಬಿ ಸಿಳ್ಳೆ ಹಾಕಿದಳು. ಆಮೇಲಿನ ಗದ್ದಲದಲ್ಲಿ ಗುಮಾಸ್ತ ಏನು ಬರೆದನೋ, ಅದನ್ನು ಓದಿ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.

ಅದು ಮುಷ್ಕರವೋ ಅಲ್ಲವೋ ಎಂದು ನಮ್ಮಲ್ಲಿ ಇವತ್ತಿಗೂ ವಾದವಿದೆ. ನಮ್ಮೂರಿನಲ್ಲಿ ನಡೆದ ಅತಿ ದೊಡ್ಡ ಮುಷ್ಕರ ಎಂದು ದಾವಲಬಿ ಹೇಳುತ್ತಾಳೆ. ತಾನು ಜೀವಮಾನದಲ್ಲಿ ಒಂದು ದಿನವೂ ಮುಷ್ಕರ ಮಾಡಿದವನಲ್ಲ ಎಂದು ಕಾಳಿಂಗಪ್ಪ ಅಷ್ಟೇ ಹೆಮ್ಮೆಯಿಂದ ಹೇಳುತ್ತಾನೆ. ವ್ಯಾಖ್ಯೆಗಳೆಂದರೆ ಇಷ್ಟಪಡುವ ನಾನು ಇದಕ್ಕೊಂದು ವ್ಯಾಖ್ಯೆ ಹುಡುಕಿ ಸೋತಿದ್ದೇನೆ. ವೈನಿಯನ್ನು ಕೇಳಿದರೆ, ಆ ದಿನಗಳಲ್ಲಿ ತಾನು ಕುಯ್ದಷ್ಟು ಉದ್ದದ ಓಣಿಯನ್ನು ಬೇರೆಂದೂ ಕುಯ್ದಿಲ್ಲ, ಸೊಂಟ ಬಿದ್ದುಹೋಯಿತು ಎನ್ನುತ್ತಾಳೆ.

ಸಭೆಯ ಮರುದಿನ ನಾನು ಎದ್ದಾಗ ಯಾವ ಬಾಗಿಲಿನ ಸಂದಿಯಲ್ಲೂ ಎಂದಿನ ಸಣ್ಣ ಬೆಳಕಿರಲಿಲ್ಲ. ಪೂರ್ವದ ಬಾಗಿಲಿನ ಸುತ್ತಲೂ ಬೆಳಕು ಉಕ್ಕುತ್ತಿತ್ತು, ಅದನ್ನು ತೆರೆದೆ. ಇಡೀ ಪೂರ್ವವೇ ಒಳಗೆ ಬಂದಂತಾಯಿತು. ಕುಯ್ಲಿನವರು ಊರಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನೇರವಾದ ಒಂದು ಬೀದಿ ಕುಯ್ದಿದ್ದರು. ನಾಲ್ಕು ಗಾಡಿ ಪಕ್ಕಪಕ್ಕಕ್ಕೆ ಹೋಗುವಷ್ಟು ಅಗಲ. ನಮ್ಮೂರಿನಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ, ಅಷ್ಟು ಅಗಲ ಯಾರಿಗೂ ಬೇಕೂ ಇರಲಿಲ್ಲ. ಬಾಗಿಲು ಬಾಗಿಲುಗಳಲ್ಲಿ ಜನ ನಿಂತು ಒಬ್ಬರ ಮನೆಯನ್ನೊಬ್ಬರು ದೂರದಿಂದ ನೋಡುತ್ತಿದ್ದರು. ಬೀದಿಯ ಆ ತುದಿಯಿಂದ ಕುಯ್ಲಿನವರು ಹೆಗಲ ಮೇಲೆ ಕತ್ತಿ ಇಟ್ಟುಕೊಂಡು, ಹಾಡು ಹೇಳಿಕೊಂಡು, ಸಾಲಾಗಿ ಅಲ್ಲ, ಬೀದಿಯ ತುಂಬ ಹರಡಿಕೊಂಡು ಬರುತ್ತಿದ್ದರು. ನಡುವೆ ನನ್ನ ವೈನಿ. ಬೀದಿಯ ಅಗಲವನ್ನು ಅಳೆಯಲು ನಾನು ಕೋಲು ಎತ್ತಿದೆ. ಆಮೇಲೆ ಅದನ್ನು ಬಾಗಿಲಿಗೆ ಒರಗಿಸಿ, ಅವರ ಜೊತೆ ನಡೆಯಲು ಹೋದೆ.